ಮಳೆಗಾಲದ ಮಬ್ಬಿಗೆ ಯಾವ ಲೆನ್ಸು? ರೇಂಜ್‌ಫೈಂಡರ್ ಕ್ಯಾಮೆರಾದ ಫಾಸ್ಟ್ ಪ್ರೈಮ್‌ಗಳ ಹೋಲಿಕೆ

(ಮಡಿಕೇರಿಯಲ್ಲಿ ಫಿಲ್ಮ್ ಕ್ಯಾಮೆರಾ ಬಳಸುವವರ ಮುಂದೆ ಮಾಡಿದ ಉಪನ್ಯಾಸ. ಓದಿಗೆ ತಕ್ಕಂತೆ ತುಸು ತಿದ್ದಿದೆ.)

ಎಲ್ಲರಿಗೂ ನಮಸ್ಕಾರ. ಫಾಸ್ಟ್ ಲೆನ್ಸು, ಅಂದರೆ ಹೆಚ್ಚು ಬೆಳಕು ಒಳಬಿಡುವ ಲೆನ್ಸು, ಯಾಕೆ ಬೇಕು ಅಂತ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಕಕ್ಕಡ (ಆಗಸ್ಟ್ ನಡುವಿಗೆ ಮುಗಿಯುವ ಕೊಡವ ತಿಂಗಳು) ಮುಗಿಯುವ ತನಕ ಬಿಸಿಲಿನ ಮುಖ ಕಾಣುವುದೇ ಅಪರೂಪ. ಮೇಲೆ ಮೋಡ, ಅದರ ಕೆಳಗೆ ಸಿಲ್ವರ್ ಓಕ್, ಅದರ ಕೆಳಗೆ ಕಾಫಿ ಗಿಡ. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೇ ತೋಟದೊಳಗೆ ಸಂಜೆಯ ಬೆಳಕು. 400 ಐಎಸ್‌ಒ ರೀಲು ಹಾಕಿ ಬೆಳಕಿನ ಮೀಟರ್ ಹಿಡಿದರೆ ಎಫ್/2ರಲ್ಲಿ 1/60 ಸೆಕೆಂಡ್ ಎನ್ನುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು). ಅಲ್ಲಾಡದೆ ನಿಂತವರಿಗೆ ಅದು ಸಾಕು, ಕೆಲಸ ಮಾಡುತ್ತಿರುವ ಕೈಗೆ ಸಾಲದು. ಐನ್‌ಮನೆಯ (ಕೊಡವ ಮನೆತನದ ಮೂಲ ಮನೆ) ಒಳಗೆ, ನಡು ಅಂಗಳದಿಂದ ಬೀಳುವ ಬೆಳಕೊಂದೇ ಆಸರೆಯಾದರೆ, ಅದೇ ಎಫ್/2ಕ್ಕೆ 1/15 ಬಂದರೂ ಆಶ್ಚರ್ಯವಿಲ್ಲ. ರೇಂಜ್‌ಫೈಂಡರ್‌ನಲ್ಲಿ ಕನ್ನಡಿ ಎದ್ದು ಬಡಿಯುವುದಿಲ್ಲವಾದ್ದರಿಂದ 1/15 ಅನ್ನು ಕೈಯಲ್ಲೇ ಹಿಡಿದು ತೆಗೆಯಬಹುದು. ಆದರೆ ಎದುರಿಗಿರುವವರು ಮಾತಾಡುತ್ತಿರಬಾರದು, ಅಷ್ಟೇ.

ಹಾಗಾದರೆ ಎಷ್ಟು ಫಾಸ್ಟ್ ಬೇಕು? ಮೊದಲು ಲೆಕ್ಕ ನೋಡೋಣ. ಎಫ್/2 ಲೆನ್ಸಿಗಿಂತ ಎಫ್/1.5 ಸುಮಾರು 1.8 ಪಟ್ಟು ಬೆಳಕು ಬಿಡುತ್ತದೆ, ಎಫ್/1.4 ಎರಡು ಪಟ್ಟು, ಎಫ್/1.2 ಸುಮಾರು 2.8 ಪಟ್ಟು, ಎಫ್/1.1 ಸುಮಾರು 3.3 ಪಟ್ಟು, ಎಫ್/0.95 ಸುಮಾರು 4.4 ಪಟ್ಟು. ಅಂದರೆ ಎಫ್/2ರಿಂದ 1.4ಕ್ಕೆ ಪೂರ್ತಿ ಒಂದು ಸ್ಟಾಪ್ (ಬೆಳಕು ಇಮ್ಮಡಿಯಾಗುವ ಒಂದು ಹೆಜ್ಜೆ) ಸಿಕ್ಕಿತು. 1.4ರಿಂದ 1.2ಕ್ಕೆ ಹೋದರೆ ಅರ್ಧ ಸ್ಟಾಪ್ ಮಾತ್ರ. ಆ ಅರ್ಧ ಸ್ಟಾಪಿಗೆ ತೆರುವ ಬೆಲೆ ಹಣದಲ್ಲಿ ಮಾತ್ರ ಇಲ್ಲ. ತೂಕ ಹೆಚ್ಚುತ್ತದೆ, ಲೆನ್ಸಿನ ಮೈ ವ್ಯೂಫೈಂಡರ್‌ನ ಬಲಗಡೆಯ ಕೆಳಮೂಲೆಯನ್ನು ಮರೆಮಾಡುತ್ತದೆ, ಫೋಕಸ್ ತಪ್ಪುವ ಅವಕಾಶವೂ ಹೆಚ್ಚುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ರೇಂಜ್‌ಫೈಂಡರ್‌ನಲ್ಲಿ ಫಾಸ್ಟ್ ಲೆನ್ಸಿನ ಯೋಗ್ಯತೆಯನ್ನು ಗಾಜಿಗಿಂತ ಮೊದಲು ನಿರ್ಧರಿಸುವುದು ಕ್ಯಾಮೆರಾ ಮತ್ತು ಲೆನ್ಸಿನ ನಡುವಿನ ಹೊಂದಾಣಿಕೆ. ಇವತ್ತಿನ ಹೋಲಿಕೆಯೆಲ್ಲ ಆ ದೃಷ್ಟಿಯಿಂದ.

ಎಸ್‌ಎಲ್‌ಆರ್‌ನಲ್ಲಿ, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ನಾವು ಲೆನ್ಸಿನ ಮೂಲಕವೇ ನೋಡುತ್ತೇವೆ. ಲೆನ್ಸು ಏನು ತಪ್ಪು ಮಾಡಿದರೂ ಕಣ್ಣಿಗೆ ಕಾಣುತ್ತದೆ. ರೇಂಜ್‌ಫೈಂಡರ್‌ನಲ್ಲಿ ಹಾಗಲ್ಲ. ಎರಡು ಕಿಟಕಿಗಳಿಂದ ಬಂದ ಬಿಂಬ ಒಂದಾಗುವುದನ್ನು ನೋಡುತ್ತೇವೆ, ಲೆನ್ಸಿನ ಹಿಂಭಾಗದ ಕ್ಯಾಮ್ ಕ್ಯಾಮೆರಾದೊಳಗಿನ ರೋಲರ್ ಅನ್ನು ತಳ್ಳುತ್ತದೆ, ಆ ತಳ್ಳಾಟ ಸರಿಯಾಗಿದೆ ಅಂತ ನಂಬುತ್ತೇವೆ. ಈ ನಂಬಿಕೆ ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಅಳತೆ ಇದೆ. ಎರಡು ಕಿಟಕಿಗಳ ನಡುವಿನ ಅಂತರವನ್ನು ವ್ಯೂಫೈಂಡರ್‌ನ ಮ್ಯಾಗ್ನಿಫಿಕೇಶನ್‌ನಿಂದ ಗುಣಿಸಿದರೆ ಬರುವ ಎಫೆಕ್ಟಿವ್ ಬೇಸ್ ಲೆಂಗ್ತ್. 1954ರ ಲೈಕಾ ಎಂ3ಯಲ್ಲಿ ಅದು ಸುಮಾರು 62 ಮಿ.ಮೀ., 0.72 ಫೈಂಡರ್‌ನ ಎಂ6ರಲ್ಲಿ ಸುಮಾರು 50, ಝೈಸ್ ಐಕಾನ್ ಝಡ್‌ಎಂನಲ್ಲಿ ಸುಮಾರು 56, ಕ್ಯಾನನ್ 7ರಲ್ಲಿ ಸುಮಾರು 47. ಫೋಕ್ಟ್‌ಲೆಂಡರ್ ಬೆಸ್ಸಾ ಆರ್3ಎ 37, ಆರ್2ಎ ಸುಮಾರು 26. ಲೈಕಾ ಸಿಎಲ್ ಬರೀ 19.

ಇನ್ನು ಲೆನ್ಸು ಎಷ್ಟು ಕೇಳುತ್ತದೆ? ಫೋಕಲ್ ಲೆಂಗ್ತ್‌ನ ವರ್ಗವನ್ನು ಎಫ್ ಸಂಖ್ಯೆಯಿಂದ ಭಾಗಿಸಿ. 50/2ಕ್ಕೆ, ಅಂದರೆ 50 ಮಿ.ಮೀ. ಎಫ್/2 ಲೆನ್ಸಿಗೆ, 1250. 50/1.5ಕ್ಕೆ 1667. 50/1.4ಕ್ಕೆ 1786. 50/1.0ಕ್ಕೆ 2500. 35/1.4ಕ್ಕೆ 875, 35/1.2ಕ್ಕೆ 1021. ಸಂಖ್ಯೆ ದೊಡ್ಡದಾದಷ್ಟೂ ಫೋಕಸ್ ಕಷ್ಟ. ಈ ಪಟ್ಟಿಯಲ್ಲಿ ಗಮನಿಸಬೇಕಾದ್ದು ಏನೆಂದರೆ 35/1.2 ಲೆನ್ಸು 50/2ಕ್ಕಿಂತಲೂ ಸಲೀಸು. ಹೋಲಿಕೆಗೆ ಇರಲಿ ಅಂತ ಹೇಳುತ್ತೇನೆ, 90/2 ಕೇಳುವುದು 4050, 135/4 ಕೇಳುವುದು 4556. ಲೈಕಾದ 50/1.0 ನಾಕ್ಟಿಲಕ್ಸ್‌ಗೆ ಹೆದರುವವರು 135ಕ್ಕೆ ಇನ್ನೂ ಹೆಚ್ಚು ಹೆದರಬೇಕು. ಸಿಎಲ್ ಜೊತೆಗೆ ಲೈಕಾದವರೇ 90/4 ಲೆನ್ಸು ಕೊಟ್ಟಿದ್ದರು, ಅದು 2025. ಹಾಗಾಗಿ ಕಾಗದದ ಮೇಲೆ 50/1.4 ಸಿಎಲ್‌ನಲ್ಲೂ ನಡೆಯಬೇಕು. ಆದರೆ ಆ ಲೆಕ್ಕ ಹೊಸ ಕ್ಯಾಮೆರಾ, ಸರಿಯಾದ ಕಣ್ಣು, ಒಳ್ಳೆಯ ಬೆಳಕು ಇಟ್ಟುಕೊಂಡು ಮಾಡಿದ್ದು. ಐವತ್ತು ವರ್ಷ ಸವೆದ ರೋಲರ್ ಮತ್ತು ಮಂಜು ಕವಿದ ಸಂಜೆ ಸೇರಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೇಸ್ ಚಿಕ್ಕದಿರುವ ಕ್ಯಾಮೆರಾ ಇದ್ದರೆ ಫಾಸ್ಟ್ ಲೆನ್ಸನ್ನು 35ರಲ್ಲಿ ತಗೊಳ್ಳಿ, 50ರಲ್ಲಿ ಎಫ್/2ಕ್ಕೆ ನಿಲ್ಲಿ. ಇದು ನನ್ನ ಖಚಿತ ಅಭಿಪ್ರಾಯ.

ಮಂಜಿನ ಮಾತು ಬಂತು. ಕಿಟಕಿಗಳು ಅಡ್ಡಸಾಲಿನಲ್ಲಿ ಇರುವುದರಿಂದ ಪ್ಯಾಚ್‌ಗೆ (ಫೈಂಡರ್‌ನಲ್ಲಿ ಎರಡು ಬಿಂಬ ಸೇರುವ ಚೌಕಕ್ಕೆ) ಬೇಕಾದದ್ದು ನೆಟ್ಟಗಿರುವ ಗೆರೆ. ಮರದ ಬೊಡ್ಡೆ, ಬಾಗಿಲ ಚೌಕಟ್ಟು, ಕುಪ್ಯದ (ಕೊಡವರ ನಿಲುವಂಗಿ) ಅಂಚು ಸಿಕ್ಕರೆ ಒಳ್ಳೆಯದು. ಚೇಲೆಯ (ಸೊಂಟಪಟ್ಟಿ) ಅಡ್ಡ ಸುತ್ತಿನ ಮೇಲೆ ಫೋಕಸ್ ಮಾಡಲು ಹೊರಟರೆ ಬಿಂಬ ಸೇರಿತೋ ಇಲ್ಲವೋ ತಿಳಿಯುವುದೇ ಇಲ್ಲ. ಆಗ ಕ್ಯಾಮೆರಾ ನೆಟ್ಟಗೆ ತಿರುಗಿಸಿ, ಫೋಕಸ್ ಮಾಡಿ, ಮತ್ತೆ ಅಡ್ಡಕ್ಕೆ ಹಿಡಿಯಿರಿ.

ಈಗ ಡೆಪ್ತ್, ಅಂದರೆ ಫೋಕಸ್‌ನ ಹಿಂದೆ ಮುಂದೆ ಚೂಪಾಗಿ ಕಾಣುವ ಆಳ. 0.03 ಮಿ.ಮೀ. ಮಸುಕು ವೃತ್ತ (ಫಿಲ್ಮಿನ ಮೇಲೆ ಚುಕ್ಕಿ ಇಷ್ಟು ಹರಡಿದರೂ ಚೂಪೆಂದೇ ಎಣಿಸುವ ಮಿತಿ) ಇಟ್ಟುಕೊಂಡರೆ, 1 ಮೀಟರ್ ದೂರದಲ್ಲಿ 50/1.4ಕ್ಕೆ ಒಟ್ಟು ಡೆಪ್ತ್ 32 ಮಿ.ಮೀ., 50/2ಕ್ಕೆ 46, 50/1.0ಕ್ಕೆ 23. ಅದೇ ದೂರದಲ್ಲಿ 35/1.4ಕ್ಕೆ 66 ಮಿ.ಮೀ. ಇದರಲ್ಲಿ ಮುಂದೆ ಅರ್ಧ, ಹಿಂದೆ ಅರ್ಧ. ಪ್ಯಾಚ್ ಇರುವುದು ಫೈಂಡರ್‌ನ ನಡುವೆ ಮಾತ್ರ. ಆದ್ದರಿಂದ ಎಲ್ಲರೂ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಕಟ್ಟುತ್ತಾರೆ. ನೆಟ್ಟಗಿನ ಫ್ರೇಮಿನಲ್ಲಿ ಕಣ್ಣು ಫಿಲ್ಮಿನ ಮೇಲೆ ನಡುವಿನಿಂದ 12 ಮಿ.ಮೀ. ಆಚೆ ಬರುವಂತೆ 50 ಮಿ.ಮೀ. ಲೆನ್ಸಿನಲ್ಲಿ ತಿರುಗಿಸಿದರೆ ಕೋನ ಸುಮಾರು 13.5 ಡಿಗ್ರಿ. ಫೋಕಸ್ ತಳ ಕಣ್ಣಿಗಿಂತ ಸುಮಾರು 28 ಮಿ.ಮೀ. ಹಿಂದಕ್ಕೆ ಹೋಗುತ್ತದೆ. 50/1.4ರಲ್ಲಿ ನಮ್ಮ ಹತ್ತಿರ ಇದ್ದದ್ದು 16 ಮಿ.ಮೀ. ಮಾತ್ರ. ಕಣ್ಣು ಮಸುಕು, ಕಿವಿ ಚೂಪು. ಲೆನ್ಸು ಬ್ಯಾಕ್ ಫೋಕಸ್ ಅಂತ ದೂರುವವರಲ್ಲಿ ಅನೇಕರ ಸಮಸ್ಯೆ ಇಷ್ಟೇ. ಪರಿಹಾರ ಎರಡು: ತಿರುಗಿಸಿದ ಮೇಲೆ ಎರಡು ಬೆರಳಿನ ಅಗಲದಷ್ಟು ಹಿಂದಕ್ಕೆ ವಾಲಿ, ಇಲ್ಲವೇ ಎಫ್/2.8ಕ್ಕೆ ಇಳಿಸಿ, ಅಲ್ಲಿ ಅರ್ಧ ಡೆಪ್ತ್ 32 ಮಿ.ಮೀ. ಇದೆ.

ಲೆನ್ಸುಗಳಿಗೆ ಬರೋಣ. 50 ಮಿ.ಮೀ.ನಲ್ಲಿ ಗಾಜು ಜೋಡಿಸುವ ವಿನ್ಯಾಸದ ಎರಡು ಮನೆತನ, ಸೊನ್ನಾರ್ ಮತ್ತು ಡಬಲ್ ಗಾಸ್.

ಸೊನ್ನಾರ್ 50/1.5 ಅನ್ನು ಲುಡ್ವಿಗ್ ಬೆರ್ಟೆಲೆ 1932ರ ಕಾಂಟ್ಯಾಕ್ಸ್ ಕ್ಯಾಮೆರಾಕ್ಕಾಗಿ ರೂಪಿಸಿದರು. ಏಳು ಗಾಜುಗಳನ್ನು ಅಂಟಿಸಿ ಮೂರೇ ಗುಂಪು ಮಾಡಿದ್ದು ಅದರ ಜಾಣತನ. ಗಾಳಿಗೆ ತಾಗುವ ಮೈ ಆರೇ. ಕೋಟಿಂಗ್ ಇಲ್ಲದ ಒಂದೊಂದು ಮೈ 4ರಿಂದ 5% ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮೈಗಳಿರುವ ಲೆನ್ಸಿನಲ್ಲಿ ಮೂರನೇ ಒಂದು ಭಾಗ ಬೆಳಕು ಹಾಗೆ ಅಡ್ಡಾಡಿ ಕಪ್ಪನ್ನು ಬೂದು ಮಾಡುತ್ತಿತ್ತು. ಝೈಸ್‌ನಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಲೆನ್ಸ್ ಕೋಟಿಂಗ್ ಕಂಡುಹಿಡಿದದ್ದು 1935ರಲ್ಲಿ. ಅಲ್ಲಿಯ ತನಕ ಸೊನ್ನಾರ್‌ನ ಕಾಂಟ್ರಾಸ್ಟ್‌ಗೆ ಎದುರಾಳಿ ಇರಲಿಲ್ಲ.

ಇದರ ಸೋವಿಯತ್ ರೂಪ ಜುಪಿಟರ್-3. ಅಗ್ಗ, ಹಗುರ, ಚೆಂದ. ತೊಂದರೆ ಎಲ್ಲಿ ಬರುತ್ತದೆ ಅಂದರೆ, ಇದು ಕಾಂಟ್ಯಾಕ್ಸ್ ಅಳತೆಯ ಲೆನ್ಸು. ಕಾಂಟ್ಯಾಕ್ಸ್‌ನ 50 ಅಂದರೆ ನಿಜದಲ್ಲಿ 52.4 ಮಿ.ಮೀ., ಲೈಕಾದ 50 ಅಂದರೆ 51.6. ಇನ್ಫಿನಿಟಿಯಲ್ಲಿ (ಅತಿ ದೂರದ ಫೋಕಸ್‌ನಲ್ಲಿ) ಎರಡೂ ಸರಿಹೊಂದುತ್ತವೆ. 1 ಮೀಟರ್‌ಗೆ ಬಂದಾಗ 51.6ರ ಲೆನ್ಸು 2.81 ಮಿ.ಮೀ. ಮುಂದೆ ಬರಬೇಕು, 52.4ರದ್ದು 2.90. ಲೈಕಾ ಕ್ಯಾಮೆರಾ ಮೊದಲನೆಯದಷ್ಟೇ ಮುಂದೆ ಬಂದರೆ ಸಾಕು ಎಂದುಕೊಳ್ಳುತ್ತದೆ. ಉಳಿದ ವ್ಯತ್ಯಾಸ 0.09 ಮಿ.ಮೀ., ಒಂದು ಹಾಳೆಯ ದಪ್ಪ. ಎದುರಿನ ವಸ್ತುವಿನ ಬಳಿ ಅದು ಸುಮಾರು 3 ಸೆಂ.ಮೀ. ಆಗಿ ಬಿಚ್ಚಿಕೊಳ್ಳುತ್ತದೆ, ಅಂದರೆ ಎಫ್/1.5ರ ಪೂರ್ತಿ ಡೆಪ್ತ್. ಫೋಕಸ್ ಹಿಂದೆ ಬೀಳುತ್ತದೆ. ಗಾಜಿನ ಬ್ಲಾಕ್ ಮತ್ತು ಮೌಂಟಿನ (ಲೆನ್ಸು ಕ್ಯಾಮೆರಾಕ್ಕೆ ಕೂರುವ ಭಾಗ) ನಡುವೆ ಇರುವ ಶಿಮ್ ಎಂಬ ತೆಳು ಬಳೆಯನ್ನು 0.1 ಮಿ.ಮೀ. ಹೆಚ್ಚಿಸಿದರೆ ಹತ್ತಿರದ ಫೋಕಸ್ ಸರಿಹೋಗುತ್ತದೆ. ದೂರದಲ್ಲಿ ಅಷ್ಟೇ ತಪ್ಪುತ್ತದೆ, ಅಲ್ಲಿ ಎಫ್/5.6, ಎಫ್/8 ಹಾಕಿ ಸುಧಾರಿಸಿಕೊಳ್ಳಬೇಕು. ಒಳಾಂಗಣಕ್ಕಾಗಿ ಫಾಸ್ಟ್ ಲೆನ್ಸು ಕೊಂಡವರಿಗೆ ಇದು ಒಪ್ಪುವ ರಾಜಿ. ಬಿಚ್ಚಿ ಜೋಡಿಸುವಾಗ ಹಳೆಯ ಶಿಮ್ ಬಿಸಾಡಬೇಡಿ, ಹೆಲಿಕಲ್‌ನ (ಫೋಕಸ್ ಮಾಡುವಾಗ ಲೆನ್ಸನ್ನು ಹಿಂದೆ ಮುಂದೆ ಸರಿಸುವ ತಿರುಪು) ಎಳೆ ಎಲ್ಲಿ ಕಚ್ಚಿತ್ತೋ ಅಲ್ಲಿ ಗುರುತು ಗೀಚಿಕೊಳ್ಳದೆ ತಿರುಗಿಸಲೇಬೇಡಿ. ಒಂದು ಎಳೆ ಆಚೀಚೆ ಆದರೆ ದಿನವಿಡೀ ಹುಡುಕಬೇಕು.

2006ರ ಝೈಸ್ ಸಿ ಸೊನ್ನಾರ್ 50/1.5, ಎಂ ಮೌಂಟಿನದ್ದು, 250 ಗ್ರಾಂ. ಇದರ ಕೋಟಿಂಗ್ ದೀಪಕ್ಕೂ ಅಂಜುವುದಿಲ್ಲ. ಆದರೆ ಫೋಕಸ್ ಶಿಫ್ಟ್ ಉಂಟು, ಅಂದರೆ ಅಪರ್ಚರ್ ಬದಲಿಸಿದರೆ ಫೋಕಸ್ ಸರಿಯುತ್ತದೆ. ಪೂರ್ತಿ ತೆರೆದಾಗ ಗಾಜಿನ ಅಂಚಿನಿಂದ ಬರುವ ಕಿರಣಗಳು ನಡುವಿನ ಕಿರಣಗಳಿಗಿಂತ ಲೆನ್ಸಿಗೆ ಹತ್ತಿರದಲ್ಲೇ ಸೇರುತ್ತವೆ. ಅಪರ್ಚರ್ ಇಳಿಸಿದರೆ ಅಂಚಿನವು ಹೊರಗುಳಿದು ಫೋಕಸ್ ಹಿಂದಕ್ಕೆ ಸರಿಯುತ್ತದೆ. ಝೈಸ್ ಮೊದಲು ಇದನ್ನು ಎಫ್/2.8ಕ್ಕೆ ಹೊಂದಿಸಿ ಕೊಡುತ್ತಿತ್ತು. ಅಂಥ ಲೆನ್ಸನ್ನು 1.5ರಲ್ಲಿ ಬಳಸಿದರೆ ಫೋಕಸ್ ಮುಂದೆ ಬೀಳುತ್ತದೆ, ಮೂಗಿನ ತುದಿ ಚೂಪು. 1.5ಕ್ಕೆ ಹೊಂದಿಸಿದ್ದಾದರೆ 2.8ರಲ್ಲಿ ಹಿಂದೆ ಬೀಳುತ್ತದೆ. ಇದು ದೋಷವಲ್ಲ, ವಿನ್ಯಾಸದ ಗುಣ. ಕೊಳ್ಳುವಾಗ ಯಾವುದಕ್ಕೆ ಹೊಂದಿಸಿದ್ದು ಎಂದು ಪರೀಕ್ಷಿಸಿ. ಮಬ್ಬಿಗೆ ಬೇಕಾದವರು 1.5ಕ್ಕೆ ಹೊಂದಿಸಿದ್ದನ್ನೇ ಆರಿಸಿ. ಹತ್ತಿರಕ್ಕೆ 0.9 ಮೀಟರ್ ತನಕ ಮಾತ್ರ ಬರುತ್ತದೆ.

ಡಬಲ್ ಗಾಸ್ ಮನೆತನದಲ್ಲಿ ಹೆಸರು ಹಲವು. ಲೈಕಾದ ಸಮ್ಮಿಲಕ್ಸ್ 50/1.4 ಬಂದದ್ದು 1959ರಲ್ಲಿ, ಆಸ್ಫೆರಿಕಲ್ (ಗೋಳಾಕಾರವಲ್ಲದ ಮೈಯ ಗಾಜಿರುವ) ರೂಪ 2004ರಲ್ಲಿ. ಈ ಎರಡನೆಯದು 335 ಗ್ರಾಂ, 0.7 ಮೀಟರ್ ತನಕ ಬರುತ್ತದೆ, ಪೂರ್ತಿ ತೆರೆದಾಗಲೂ ಮೂಲೆ ತನಕ ಚೂಪು. ಬೆಲೆ ಕೇಳಬೇಡಿ. ಕೊಸಿನಾ ಕಂಪನಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಮಾಡುವ ನೋಕ್ಟಾನ್ 50/1.5 ಆಸ್ಫೆರಿಕಲ್ (1999ರದ್ದು ಸ್ಕ್ರೂ ಮೌಂಟ್, 2013ರದ್ದು ಎಂ ಮೌಂಟ್) ಅದರ ಹತ್ತಿರಕ್ಕೆ ಬರುತ್ತದೆ. ಫೋಕಸ್ ಶಿಫ್ಟ್ ತಲೆ ಕೆಡಿಸುವಷ್ಟಿಲ್ಲ. ಒಂದೇ 50 ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. 1950ರ ದಶಕದ ಕೊನೆಯ ಕ್ಯಾನನ್ 50/1.4 ಸ್ಕ್ರೂ ಮೌಂಟ್ ಕೂಡ ಒಳ್ಳೆಯದು, ಆದರೆ ಅದರ 48 ಮಿ.ಮೀ. ಫಿಲ್ಟರ್ ಹುಡುಕಿಕೊಳ್ಳುವ ಹೊತ್ತಿಗೆ ಸಾಕಾಗುತ್ತದೆ.

ಇವಕ್ಕಿಂತ ಫಾಸ್ಟ್ ಆದವು? 1956ರ ಕ್ಯಾನನ್ 50/1.2 ಪೂರ್ತಿ ತೆರೆದರೆ ಚಿತ್ರದ ಮೇಲೆ ತೆಳು ಮಂಜಿನ ಪೊರೆ ಬಿಟ್ಟಂತೆ ಕಾಣುತ್ತದೆ, ಕೆಲವರಿಗೆ ಅದೇ ಇಷ್ಟ. 1961ರ ಕ್ಯಾನನ್ 50/0.95 ಕ್ಯಾನನ್ 7ರ ಹೊರಗಿನ ಬಯೊನೆಟ್‌ಗೆಂದೇ ಮಾಡಿದ್ದು, ಮಾರ್ಪಾಡು ಮಾಡಿಸದೆ ಲೈಕಾಕ್ಕೆ ಕೂರುವುದಿಲ್ಲ. ನಾಕ್ಟಿಲಕ್ಸ್ 1966ರಲ್ಲಿ ಎಫ್/1.2 ಆಗಿ ಬಂತು, 1970ರ ದಶಕದ ನಡುವೆ ಎಫ್/1.0 ಆಯಿತು, 2008ರಲ್ಲಿ 0.95, ಅದರ ತೂಕ 700 ಗ್ರಾಂ. 2009ರ ನೋಕ್ಟಾನ್ 50/1.1 ತೂಗುವುದು 428. ರೇಂಜ್‌ಫೈಂಡರ್ ಹೊಂದಿಸದ ಕ್ಯಾಮೆರಾಕ್ಕೆ ಇಂಥ ಲೆನ್ಸು ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

35ರಲ್ಲಿ ಆಯ್ಕೆ ಕಡಿಮೆ, ಗೊಂದಲವೂ ಕಡಿಮೆ. 2008ರ ನೋಕ್ಟಾನ್ ಕ್ಲಾಸಿಕ್ 35/1.4 ಸುಮಾರು 200 ಗ್ರಾಂ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಅದರಲ್ಲೂ ಫೋಕಸ್ ಶಿಫ್ಟ್ ಇದೆ, ಜೊತೆಗೆ ನೆಟ್ಟಗಿನ ಗೆರೆಗಳು ಹೊರಕ್ಕೆ ಉಬ್ಬುತ್ತವೆ. ಐನ್‌ಮನೆಯ ಕಂಬಗಳನ್ನು ಫ್ರೇಮಿನ ಅಂಚಿಗೆ ಇಟ್ಟರೆ ಬಾಗಿದ್ದು ಎದ್ದು ಕಾಣುತ್ತದೆ. ಆಮೇಲೆ ಬಂದ ಎರಡನೇ ಆವೃತ್ತಿಯಲ್ಲಿ ಶಿಫ್ಟ್ ತಗ್ಗಿದೆ. ಎಸ್‌ಸಿ, ಎಂಸಿ ಎಂದು ಎರಡು ಬಗೆ ಸಿಗುತ್ತವೆ, ಮೊದಲನೆಯದಕ್ಕೆ ಒಂದೇ ಪದರದ ಕೋಟಿಂಗ್. ದೀಪವೇ ಫ್ರೇಮಿನೊಳಗೆ ಬರುವ ಕೆಲಸಕ್ಕೆ ಎಂಸಿ ತಗೊಳ್ಳಿ. ನೋಕ್ಟಾನ್ 35/1.2ರ ಮೊದಲ ಆವೃತ್ತಿ 490 ಗ್ರಾಂ, ಮೂರನೆಯದು 332. ಬೆಸ್ಸಾದಲ್ಲಿ ಹತ್ತಿರದ ಫೋಕಸ್ ಸಿಗುವ ನಂಬಿಕೆಯ ಎಫ್/1.2 ಬೇಕೆಂದರೆ ಇದೊಂದೇ ದಾರಿ, ಫೈಂಡರ್ ಮರೆಯಾಗುವುದನ್ನು ಸಹಿಸಿಕೊಂಡರೆ.

ಸ್ಕ್ರೂ ಲೆನ್ಸನ್ನು ಎಂ ಕ್ಯಾಮೆರಾಕ್ಕೆ ಹಾಕುವ ಅಡಾಪ್ಟರ್ ಬಗ್ಗೆ ಎರಡು ಮಾತು. ಸ್ಕ್ರೂ ಮೌಂಟಿನ ಫ್ಲೇಂಜ್ ದೂರ (ಮೌಂಟಿನಿಂದ ಫಿಲ್ಮಿನ ತನಕದ ಅಂತರ) 28.8 ಮಿ.ಮೀ., ಎಂ ಮೌಂಟಿನದ್ದು 27.8. ಅಡಾಪ್ಟರ್ ಸರಿಯಾಗಿ 1 ಮಿ.ಮೀ. ಇರಬೇಕು. ದಪ್ಪವಿದ್ದರೆ ಲೆನ್ಸು ಇನ್ಫಿನಿಟಿ ಮುಟ್ಟುವುದಿಲ್ಲ. 28/90, 35/135, 50/75 ಎಂದು ಮೂರು ಬಗೆ ಇರುತ್ತವೆ (ಇಲ್ಲಿ ಎರಡು ಸಂಖ್ಯೆಯೂ ಫೋಕಲ್ ಲೆಂಗ್ತ್, ಫೈಂಡರ್‌ನಲ್ಲಿ ಒಟ್ಟಿಗೆ ಮೂಡುವ ಚೌಕಟ್ಟಿನ ಗೆರೆಗಳ ಜೋಡಿ), ತಪ್ಪು ಬಗೆ ಕೊಂಡರೆ ಫೈಂಡರ್‌ನಲ್ಲಿ ತಪ್ಪು ಫ್ರೇಮ್‌ಲೈನ್ ಬರುತ್ತದೆ.

ಯಾವ ಲೆನ್ಸೇ ಆಗಲಿ, ಹಬ್ಬಕ್ಕೆ ಒಯ್ಯುವ ಮೊದಲು ಒಂದು ರೀಲು ಪರೀಕ್ಷೆಗೆ ಕೊಡಿ. ಮೊದಲು ಇನ್ಫಿನಿಟಿ. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ನಂತರದ ತಿಳಿ ಬೆಳಗಿನಲ್ಲಿ ರಾಜಾ ಸೀಟಿನಿಂದ ದೂರದ ಬೆಟ್ಟದ ಮೇಲಿನ ಒಂಟಿ ಮರವೋ ಟವರೋ ನೋಡಿ. ಲೆನ್ಸು ಇನ್ಫಿನಿಟಿಗೆ ತಾಗಿದಾಗ ಎರಡು ಬಿಂಬ ಒಂದಾಗಬೇಕು. ಮಳೆಗಾಲದಲ್ಲಾದರೆ ಮೋಡ ಸರಿದ ರಾತ್ರಿ ಚಂದ್ರನೇ ಗತಿ. ಆಮೇಲೆ ಮೇಜಿನ ಮೇಲೆ ಏಳು ಪುಸ್ತಕಗಳನ್ನು ಬೆನ್ನು ಕಾಣುವಂತೆ, ಒಂದಕ್ಕಿಂತ ಒಂದು 2 ಸೆಂ.ಮೀ. ಹಿಂದಿರುವಂತೆ ನಿಲ್ಲಿಸಿ. ನಡುವಿನದರ ಮೇಲೆ ಗುರುತಿಗೆ ಒಂದು ಚೀಟಿ ಅಂಟಿಸಿ. 100 ಐಎಸ್‌ಒ ಫಿಲ್ಮ್, ಟ್ರೈಪಾಡ್, ಕೇಬಲ್ ರಿಲೀಸ್. 1 ಮೀಟರ್‌ನಿಂದ ನಡುವಿನ ಪುಸ್ತಕಕ್ಕೆ ಫೋಕಸ್ ಮಾಡಿ ಎಫ್/1.5, 2, 2.8, 4ರಲ್ಲಿ ಎರಡೆರಡು ಫ್ರೇಮ್. ಪ್ರತಿ ಸಲವೂ ರಿಂಗ್ ತಿರುಗಿಸಿ ಹೊಸದಾಗಿ ಫೋಕಸ್ ಮಾಡಿ, ಒಮ್ಮೆ ಇನ್ಫಿನಿಟಿ ಕಡೆಯಿಂದ ಬನ್ನಿ, ಇನ್ನೊಮ್ಮೆ ಹತ್ತಿರದ ಕಡೆಯಿಂದ. ಎರಡರ ನಡುವೆ ವ್ಯತ್ಯಾಸ ಕಂಡರೆ ಹೆಲಿಕಲ್ ಸಡಿಲವಾಗಿದೆ ಎಂದರ್ಥ. ಇದನ್ನೇ 2 ಮೀಟರ್ ಮತ್ತು 5 ಮೀಟರ್‌ನಲ್ಲಿ ಮಾಡಿ, ಇನ್ಫಿನಿಟಿಗೆ ನಾಲ್ಕು. ಒಟ್ಟು 28 ಫ್ರೇಮ್. ಉಳಿದ ಎಂಟರಲ್ಲಿ ಉರಿಯುವ ದೀಪವನ್ನು ಫ್ರೇಮಿನ ನಡುವೆ, ಅಂಚಿಗೆ, ಮೂಲೆಗೆ ಇಟ್ಟು ತೆಗೆಯಿರಿ. ಮೂಲೆಯ ದೀಪಕ್ಕೆ ರೆಕ್ಕೆ ಮೂಡಿದರೆ ಅದು ಕೋಮಾ, ಹುತ್ತರಿಯ ರಾತ್ರಿ ಎಷ್ಟು ಇಳಿಸಬೇಕು ಎಂಬುದನ್ನು ಆ ಫ್ರೇಮೇ ಹೇಳುತ್ತದೆ.

ನೆಗೆಟಿವ್ ಅನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಭೂತಗನ್ನಡಿ) ನೋಡಿ. 1.5ರಲ್ಲಿ ಸರಿಯಿದ್ದು 2.8, 4ರಲ್ಲಿ ಹಿಂದೆ ಸರಿದರೆ ಫೋಕಸ್ ಶಿಫ್ಟ್. ಎಲ್ಲ ಅಪರ್ಚರ್‌ನಲ್ಲೂ ಒಂದೇ ಕಡೆ ತಪ್ಪಿದರೆ ಹೊಂದಾಣಿಕೆ ತಪ್ಪಿದೆ. ಆಗ ಇನ್ನೊಂದು ಲೆನ್ಸು ಹಾಕಿ ನೋಡಿ. ಎರಡೂ ಒಂದೇ ಕಡೆ ತಪ್ಪಿದರೆ ಕ್ಯಾಮೆರಾ, ಒಂದೇ ತಪ್ಪಿದರೆ ಆ ಲೆನ್ಸು. ಈ ತೀರ್ಮಾನ ಆಗದೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಸಭೆಯಲ್ಲಿ ಒಬ್ಬರು ಕೇಳಿದರು: ಎಫ್/2 ಲೆನ್ಸೇ ಇಟ್ಟುಕೊಂಡು ಫಿಲ್ಮ್ ಪುಶ್ ಮಾಡಿದರೆ, ಅಂದರೆ ಕಡಿಮೆ ಬೆಳಕು ಕೊಟ್ಟು ಹೆಚ್ಚು ಹೊತ್ತು ಡೆವಲಪ್ ಮಾಡಿದರೆ, ಆಗದೇ? ಆಗುತ್ತದೆ, ಒಂದು ಮಿತಿಯಲ್ಲಿ. 400 ಐಎಸ್‌ಒನ ಎಚ್‌ಪಿ5 ಪ್ಲಸ್ ಫಿಲ್ಮನ್ನು 1600ಕ್ಕೆ ಎಣಿಸಿ, ಐಡಿ-11 ಡೆವಲಪರ್‌ನ ಸ್ಟಾಕ್‌ನಲ್ಲಿ (ನೀರು ಬೆರೆಸಿ ತೆಳುಮಾಡದ ದ್ರಾವಣ) 20 ಡಿಗ್ರಿಗೆ 14 ನಿಮಿಷ ಡೆವಲಪ್ ಮಾಡಿ. 400ಕ್ಕಾದರೆ ಏಳೂವರೆ ನಿಮಿಷ. ಹೆಚ್ಚಿನ ಸಮಯ ಬೆಳಕಿರುವ ಭಾಗಗಳನ್ನು ಮೇಲೆತ್ತುತ್ತದೆ. ಫಿಲ್ಮಿಗೆ ಬೀಳದ ಬೆಳಕನ್ನು ಅದು ತಂದುಕೊಡಲಾರದು. ತೂಗುದೀಪದ ಕೆಳಗೆ ಕಪ್ಪು ಕುಪ್ಯ ತೊಟ್ಟು ನಿಂತವರನ್ನು ಹೀಗೆ ತೆಗೆದರೆ ಮುಖ, ಪೀಚೆಕತ್ತಿಯ ಬೆಳ್ಳಿ ಚೆನ್ನಾಗಿ ಬರುತ್ತವೆ, ಕುಪ್ಯ ಬರೀ ಕಪ್ಪು ಗುಂಡಿ. ಕುಪ್ಯದ ನೇಯ್ಗೆಯೂ ಬೇಕೆನ್ನುವವರಿಗೆ ಲೆನ್ಸಿನ ಆ ಒಂದು ಸ್ಟಾಪ್ ಬೇಕೇ ಬೇಕು.

ಇನ್ನೊಬ್ಬರ ಪ್ರಶ್ನೆ ಬೂಷ್ಟಿನದು. ನಮ್ಮೂರಿನಲ್ಲಿ ಫೋಕಸ್‌ಗಿಂತ ದೊಡ್ಡ ಶತ್ರು ಅದು. ಹಳೆಯ ಲೆನ್ಸು ಕೊಳ್ಳುವಾಗ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು, ಮುಂದಿನಿಂದ ನೋಡಿ. ನೂಲಿನ ಹಾಗೆ ಕವಲೊಡೆದದ್ದು ಬೂಷ್ಟು. ಎಲ್ಲ ಕಡೆ ಸಮನಾಗಿ ಮಬ್ಬಿದ್ದರೆ ಹೇಜ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಇದ್ದರೆ ಗಾಜುಗಳ ಅಂಟು ಬಿಟ್ಟಿದೆ, ಅದನ್ನು ಬಿಟ್ಟುಬಿಡಿ. ಹಳೆಯ ಕ್ಯಾನನ್ ಸ್ಕ್ರೂ ಲೆನ್ಸುಗಳಲ್ಲಿ ಅಪರ್ಚರ್ ಬಳಿಯ ಗಾಜಿಗೆ ಹೇಜ್ ಹಿಡಿಯುವುದು ಹೆಚ್ಚು. ಬೇಗ ಒರೆಸಿದರೆ ಹೋಗುತ್ತದೆ, ವರ್ಷಗಟ್ಟಲೆ ಬಿಟ್ಟಿದ್ದರೆ ಗಾಜನ್ನೇ ತಿಂದಿರುತ್ತದೆ.

ಇಡುವ ಜಾಗದ ತೇವಾಂಶ 40ರಿಂದ 50%ರೊಳಗೆ ಇರಲಿ. ಡ್ರೈ ಕ್ಯಾಬಿನೆಟ್ ಇದ್ದರೂ ಮಳೆಗಾಲದ ಕರೆಂಟನ್ನು ನಂಬುವಂತಿಲ್ಲ, ಒಳಗೆ ಸಿಲಿಕಾ ಜೆಲ್ ಇಡಿ. ಕ್ಯಾಬಿನೆಟ್ ಇಲ್ಲದವರಿಗೆ ರಬ್ಬರ್ ಅಂಚಿನ ಹತ್ತು ಲೀಟರ್ ಡಬ್ಬಿ, ಕಾಲು ಕೆಜಿ ಸಿಲಿಕಾ ಜೆಲ್, ಒಂದು ಚಿಕ್ಕ ಹೈಗ್ರೋಮೀಟರ್ ಸಾಕು. ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆಯದು ಹಸಿರಾದರೆ, ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ ಮತ್ತೆ ಬಳಸಿ. ಚರ್ಮದ ಕೇಸಿನಲ್ಲಿ ಲೆನ್ಸು ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ನುಸಿಗುಳಿಗೆ ಹಾಕಿದರೆ ತೇವ ಹೋಗುವುದಿಲ್ಲ, ವಾಸನೆ ಬರುತ್ತದೆ ಅಷ್ಟೆ. ಚಳಿಯಿಂದ ಬಂದು ಒಲೆ ಉರಿಯುವ ಅಡುಗೆಮನೆಗೆ ಹೋಗುವುದಿದ್ದರೆ ಬ್ಯಾಗ್ ಮುಚ್ಚಿಟ್ಟು ಅರ್ಧ ಗಂಟೆ ಕಾಯಿರಿ, ಇಲ್ಲವಾದರೆ ಗಾಜಿನ ಮೇಲೆ ಹನಿ ಕೂರುತ್ತದೆ.

ಕೊನೆಯದಾಗಿ ಬಿಸಿಲು. ಜನವರಿಯಲ್ಲಿ ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ 400 ಫಿಲ್ಮಿಗೆ 1/1000ರಲ್ಲಿ ಎಫ್/11 ಬೇಕಾಗುತ್ತದೆ. ಅಲ್ಲಿ 1.4ರಲ್ಲಿ ತೆಗೆಯಬೇಕೆಂದರೆ ಆರು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಬೂದು ಗಾಜು) ಹಾಕಬೇಕು. ಅದಕ್ಕಿಂತ ಮುಖ್ಯವಾದದ್ದು ಶಟರ್. ಲೈಕಾ ಮತ್ತು ಸೋವಿಯತ್ ಕ್ಯಾಮೆರಾಗಳಾದ ಝೋರ್ಕಿ, ಫೆಡ್‌ಗಳಲ್ಲಿ ರಬ್ಬರ್ ಬಳಿದ ಬಟ್ಟೆಯ ಪರದೆ. ಅಡ್ಡಕ್ಕೆ ಕನ್ನಡಿ ಇಲ್ಲ. ಕ್ಯಾಪ್ ಇಲ್ಲದ ಲೆನ್ಸು ಪೂರ್ತಿ ತೆರೆದು ಇನ್ಫಿನಿಟಿಯಲ್ಲಿ ಸೂರ್ಯನ ಕಡೆ ತಿರುಗಿ ಕೂತರೆ ಪರದೆಯಲ್ಲಿ ತೂತು ಬೀಳುತ್ತದೆ. ಬಿಸಿಲಿನಲ್ಲಿ ನಡೆಯುವಾಗ ಎಫ್/16ಕ್ಕೆ ಇಳಿಸಿ, ಫೋಕಸ್ ಹತ್ತಿರಕ್ಕೆ ತನ್ನಿ, ಕ್ಯಾಪ್ ಹಾಕಿ. ಫ್ರೇಮ್ ಫ್ರೇಮಿನಲ್ಲೂ ಬೆಳಕಿನ ಚುಕ್ಕೆ ಕಂಡರೆ ಲೆನ್ಸು ಕಳಚಿ, ಹಿಂಬದಿ ತೆರೆದು, ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಟಾರ್ಚ್ ಬಿಟ್ಟು ನೋಡಿ. ವೈಂಡ್ ಮಾಡುವ ಮೊದಲು ಒಂದು ಸಲ, ಮಾಡಿದ ಮೇಲೆ ಒಂದು ಸಲ, ಯಾಕೆಂದರೆ ಪರದೆ ಎರಡಿವೆ. ಸೂಜಿಮೊನೆಯಷ್ಟು ತೂತಾದರೆ ಕಪ್ಪು ದ್ರವ ರಬ್ಬರ್ ಅನ್ನು ತೆಳ್ಳಗೆ ಸವರಿ ಮುಚ್ಚಬಹುದು. ಪೂರ್ತಿ ಒಣಗುವ ತನಕ ಶಟರ್ ಒತ್ತಬೇಡಿ, ಪರದೆ ರೋಲರ್‌ಗೆ ಅಂಟಿಕೊಳ್ಳುತ್ತದೆ.